ಬಿಡಿ ಏರಿಯಲ್ಲಿನ ಗುಣವೂ ಸಾಲಿನ ಬಲವೂ

ಒಗ್ಗಟ್ಟಿನಲ್ಲಿ ಬಲವುಂಟೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ರೇಡಿಯೋ ಶಾಸ್ತ್ರದಲ್ಲಿಯೂ ಈ ಮಾತು ದಿಟವೇ. ಒಂದು ಏರಿಯಲ್ಲಿನಿಂದ ಆಗದ ಕೆಲಸವನ್ನು ಸಾಲಾಗಿ ನಿಲ್ಲಿಸಿದ ಹತ್ತು ಏರಿಯಲ್ಲುಗಳು ಮಾಡಬಲ್ಲುವು; ನೂರು ಸೇರಿದರೆ ಇನ್ನೂ ಹೆಚ್ಚಿನದನ್ನು ಮಾಡಬಲ್ಲುವು. ಆದರೆ ಒಂದರ ಬಲ ಇಷ್ಟಾದರೆ ಹತ್ತರ ಬಲ ಅದರ ಹತ್ತರಷ್ಟೆಂದು ತ್ರೈರಾಶಿಯ ಲೆಕ್ಕ ಹಾಕಿ ಕುಳಿತರೆ ಮೋಸಹೋಗುವೆವು. ಅದೇ ತಂತಿ, ಅದೇ ಅಂತರ, ಅದೇ ವಿದ್ಯುತ್ತು. ತಂತಿಗಳನ್ನು ನಿಲ್ಲಿಸುವ ಬದಲು ಮಲಗಿಸಿದ ಮಾತ್ರಕ್ಕೆ ಸಾಲಿನ ಬಲ ಒಂದೂವರೆಯಷ್ಟು ಹೆಚ್ಚುಕಡಮೆಯಾಗುವುದುಂಟು. ಸಾಲಿನ ಬಲವು ಸಾಲಿನದೆಷ್ಟು, ಅದರಲ್ಲಿ ನಿಂತ ಬಿಡಿ ಏರಿಯಲ್ಲಿನದೆಷ್ಟು ಎಂಬುದೇ ಇಲ್ಲಿ ನಾವು ವಿಚಾರಿಸಬೇಕೆಂದಿರುವ ವಿಷಯ.

ಮೊದಲು ಬಲವೆಂದರೇನೆಂಬುದನ್ನು ಗೊತ್ತುಮಾಡಿಕೊಳ್ಳೋಣ. ನಡುಮನೆಯಲ್ಲಿ ಹಚ್ಚಿಟ್ಟ ದೀಪ ಎಲ್ಲ ಕಡೆಗೂ ಬೆಳಕು ಚೆಲ್ಲುವುದು. ಅದೇ ದೀಪದ ಹಿಂದೆ ಕನ್ನಡಿಯೊಂದನ್ನು ಇಟ್ಟರೆ ಎದುರಿಗೆ ಬೆಳಕು ಹೆಚ್ಚುವುದು. ಹೀಗೆ ಹೆಚ್ಚಿದ ಬೆಳಕು ಹೊಸದಾಗಿ ಹುಟ್ಟಿದ್ದಲ್ಲ. ಉರಿಯುವ ಎಣ್ಣೆ ಮೊದಲಿನಷ್ಟೇ. ಹಿಂದಕ್ಕೆ ಹೋಗುತ್ತಿದ್ದುದು ಮುಂದಕ್ಕೆ ತಿರುಗಿತು, ಅಷ್ಟೆ. ಏರಿಯಲ್ಲಿನ ವಿಷಯವೂ ಹೀಗೆಯೇ. ಅದು ಹೊರಚೆಲ್ಲುವ ಶಕ್ತಿಯನ್ನೆಲ್ಲ ಎಲ್ಲ ದಿಕ್ಕುಗಳಿಗೂ ಸಮನಾಗಿ ಹಂಚಿದ್ದರೆ ಒಂದೊಂದು ದಿಕ್ಕಿಗೆ ಎಷ್ಟು ಬರುತ್ತಿತ್ತೋ, ಅದಕ್ಕಿಂತ ತನ್ನ ಮೆಚ್ಚಿನ ದಿಕ್ಕಿಗೆ ಎಷ್ಟು ಪಾಲು ಹೆಚ್ಚು ಕೊಡುವುದೋ ಆ ಸಂಖ್ಯೆಗೆ ನಾವು ‘ದಿಶಾಬಲ’ವೆಂದು ಹೆಸರಿಡೋಣ. ಎಲ್ಲ ಕಡೆಗೂ ಸಮನಾಗಿ ಹಂಚುವ ಏರಿಯಲ್ಲಿನ ದಿಶಾಬಲ ೧. ಅಂಥ ಏರಿಯಲ್ಲು ಲೆಕ್ಕಕ್ಕೆ ಮಾತ್ರ ಉಂಟು. ಅದನ್ನು ಯಾರೂ ಕಟ್ಟಿಲ್ಲ, ಕಟ್ಟಲೂ ಬಾರದು.

ಕಟ್ಟಬಹುದಾದವುಗಳಲ್ಲಿ ಅತಿ ಸರಳವಾದುದು ಡೈಪೋಲ್. ನೆಟ್ಟಗಿನ ತಂತಿಯೊಂದನ್ನು ನಡುವೆ ಕತ್ತರಿಸಿ, ಆ ನಡುವಿನಲ್ಲಿ ವಿದ್ಯುತ್ತನ್ನು ಉಣಿಸಿದರೆ ಅದೇ ಡೈಪೋಲ್. ಅದರ ವಿಕಿರಣದ ಆಕೃತಿಯನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಉದ್ದಿನವಡೆಯೊಂದನ್ನು ತೆಗೆದುಕೊಂಡು ಅದರ ನಡುವಣ ತೂತಿನಲ್ಲಿ ತಂತಿಯನ್ನು ತೂರಿಸಿದರೆ ಹೇಗಿರುವುದೋ ಹಾಗೆ. ತಂತಿಯ ಮಗ್ಗುಲುಗಳಿಗೆಲ್ಲ ಶಕ್ತಿ ತುಂಬಿ ಹರಿಯುವುದು. ತಂತಿಯ ತುದಿಗಳ ನೇರಕ್ಕೆ ಏನೂ ಹೋಗದು. ಗಿಡ್ಡ ಡೈಪೋಲಿನ ದಿಶಾಬಲ ೧.೫, ಅರ್ಧ ತರಂಗದಷ್ಟು ಉದ್ದವಾದುದರ ದಿಶಾಬಲ ೧.೬೪. ತುದಿಯ ನೇರದಲ್ಲಿರುವ ಈ ಮೌನವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ನಮ್ಮ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಇನ್ನು ಸಾಲಿನ ಮಾತು. ಒಂದಕ್ಕಿಂತ ಹೆಚ್ಚು ಏರಿಯಲ್ಲುಗಳನ್ನು ಕೂಡಿಸಿ ಅಲೆಗಳನ್ನು ಬೇಕಾದ ಕಡೆಗೆ ತಿರುಗಿಸಬಹುದೆಂಬುದನ್ನು ಜರ್ಮನಿಯ ಫರ್ಡಿನಂಡ್ ಬ್ರೌನ್ ೧೯೦೫ರಲ್ಲಿಯೇ ಮೂರು ಏರಿಯಲ್ಲುಗಳನ್ನಿಟ್ಟು ತೋರಿಸಿದನು. ಇದರ ಗುಟ್ಟು ಅಲೆಗಳ ಹೆಜ್ಜೆಯಲ್ಲಿದೆ. ಎರಡು ಏರಿಯಲ್ಲುಗಳಿಂದ ಹೊರಟ ಅಲೆಗಳು ಒಂದೇ ಹೆಜ್ಜೆಯಲ್ಲಿ ಬಂದು ಸೇರುವ ದಿಕ್ಕಿನಲ್ಲಿ ಅವು ಒಂದಕ್ಕೊಂದು ಕೂಡುವುವು; ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಬಂದು ಸೇರುವ ದಿಕ್ಕಿನಲ್ಲಿ ಅವು ಅಳಿಯುವುವು. ಅರ್ಧ ತರಂಗದ ಅಂತರದಲ್ಲಿ ಎರಡನ್ನು ನಿಲ್ಲಿಸಿ ಎರಡಕ್ಕೂ ಒಂದೇ ಹೆಜ್ಜೆಯ ವಿದ್ಯುತ್ತನ್ನು ಕೊಟ್ಟರೆ, ಸಾಲಿಗೆ ಎದುರಾದ ದಿಕ್ಕಿನಲ್ಲಿ ಅಲೆಗಳು ಕೂಡುವುವು. ಸಾಲಿನ ನೇರದಲ್ಲಿಯಾದರೋ ಒಂದರ ಅಲೆ ಇನ್ನೊಂದರದಕ್ಕಿಂತ ಅರ್ಧ ತರಂಗ ಹಿಂದೆ ಬೀಳುವುದರಿಂದ ಎರಡೂ ಅಳಿಯುವುವು. ಏರಿಯಲ್ಲು ಯಾವ ಜಾತಿಯದೆಂಬುದನ್ನು ಕೇಳದೆ, ಅವುಗಳ ಸಂಖ್ಯೆ, ಅಂತರ, ಹೆಜ್ಜೆ ಇವುಗಳಿಂದಲೇ ಲೆಕ್ಕಹಾಕಬಹುದಾದ ಈ ಕೂಡು-ಅಳಿವಿನ ಆಕೃತಿಗೆ ‘ಪಂಕ್ತಿಗುಣಕ’ವೆನ್ನೋಣ.

ಹಾಗಾದರೆ ಇಡೀ ಸಾಲಿನ ಆಕೃತಿ ಯಾವುದು? ಎಲ್ಲ ಏರಿಯಲ್ಲುಗಳೂ ಒಂದೇ ಜಾತಿಯವಾಗಿ, ಒಂದೇ ಕಡೆಗೆ ಮುಖಮಾಡಿ ನಿಂತಿದ್ದರೆ ಉತ್ತರ ಬಲು ಸುಲಭ. ಒಂದೊಂದು ದಿಕ್ಕಿಗೂ ಬಿಡಿ ಏರಿಯಲ್ಲಿನ ಆಕೃತಿಯನ್ನು ಪಂಕ್ತಿಗುಣಕದಿಂದ ಗುಣಿಸಿದರೆ ಸಾಲಿನ ಆಕೃತಿ ಬರುವುದು. ಗುಣಾಕಾರವೆಂಬ ಮಾತನ್ನು ಗಮನಿಸಬೇಕು. ಬಿಡಿ ಏರಿಯಲ್ಲು ಸೊನ್ನೆಯಾದ ಕಡೆ ಸಾಲು ಎಷ್ಟು ದೊಡ್ಡದಾದರೂ ಸೊನ್ನೆಯೇ. ಸಾವಿರ ಮಂದಿ ಮೂಗರು ಸೇರಿದರೂ ಒಂದು ಹಾಡಾಗದು. ಅಂತೆಯೇ, ಪಂಕ್ತಿಗುಣಕ ಸೊನ್ನೆಯಾದ ಕಡೆ ಬಿಡಿ ಏರಿಯಲ್ಲು ಎಷ್ಟು ಜೋರಿನದಾದರೂ ಫಲವಿಲ್ಲ.

ಇಲ್ಲಿಯೇ ಒಂದು ತಪ್ಪುದಾರಿ ಕವಲೊಡೆಯುವುದು. ಆಕೃತಿಗಳು ಗುಣಿಸಿಕೊಳ್ಳುವುವಾದರೆ ದಿಶಾಬಲಗಳೂ ಗುಣಿಸಿಕೊಳ್ಳಬೇಕಲ್ಲವೆ ಎಂದು ತೋರುವುದು ಸಹಜ. ಅರ್ಧ ತರಂಗದ ಅಂತರದ ಎರಡು ಕಲ್ಪಿತ ಸಮದಿಕ್ಕಿನ ಏರಿಯಲ್ಲುಗಳಿಗೆ ದಿಶಾಬಲ ೨. ಗಿಡ್ಡ ಡೈಪೋಲಿಗೆ ೧.೫. ಆದುದರಿಂದ ಎರಡು ಡೈಪೋಲುಗಳ ಸಾಲಿಗೆ ೩ ಬರಬೇಕೆಂದು ಲೆಕ್ಕ. ನಿಜವಾಗಿ ಬರುವುದೇನು? ಎರಡು ಡೈಪೋಲುಗಳನ್ನು ಬೇಲಿಯ ಗೂಟಗಳಂತೆ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ದಿಶಾಬಲ ಸುಮಾರು ೩.೫. ಅವೇ ಎರಡನ್ನು ಅದೇ ಅಂತರದಲ್ಲಿ ರೈಲಿನ ಗಾಡಿಗಳಂತೆ ತುದಿಗೆ ತುದಿ ನೇರವಾಗಿ ಮಲಗಿಸಿದರೆ ಸುಮಾರು ೨.೩. ಎರಡು ಕಡೆಯೂ ೩ ಬರಲಿಲ್ಲ. ಮೊದಲನೆಯದು ಎರಡನೆಯದರ ಒಂದೂವರೆಯಷ್ಟಾಯಿತು.

ಇದಕ್ಕೆ ಕಾರಣವನ್ನು ಹುಡುಕಲು ಗಣಿತ ಬೇಕಿಲ್ಲ; ಶಕ್ತಿ ಎಲ್ಲಿ ಉಳಿಯಿತೆಂದು ಕೇಳಿದರೆ ಸಾಕು. ಅರ್ಧ ತರಂಗದ ಅಂತರದಲ್ಲಿ ಪಂಕ್ತಿಗುಣಕವು ಸಾಲಿನ ನೇರಕ್ಕೆ ಬಾಯಿ ಕಟ್ಟುವುದೆಂದು ಹೇಳಿದೆವಷ್ಟೆ. ಗೂಟಗಳಂತೆ ನಿಂತ ಡೈಪೋಲುಗಳು ಸಾಲಿನ ನೇರಕ್ಕೂ ಧಾರಾಳವಾಗಿ ಶಕ್ತಿಯನ್ನು ಚೆಲ್ಲುವಂಥವು. ಆ ಚೆಲ್ಲಾಟವನ್ನು ಸಾಲು ತಡೆಯಿತು. ತಡೆದು ಉಳಿಸಿದುದು ಎದುರಿನ ದಿಕ್ಕಿಗೆ ಸಂದಿತು. ಲಾಭ ಹೆಚ್ಚಿತು. ಮಲಗಿದ ಡೈಪೋಲುಗಳಾದರೋ ಸಾಲಿನ ನೇರಕ್ಕೆ ಮೊದಲೇ ಮೌನವಾಗಿದ್ದುವು. ಅಲ್ಲಿ ಸಾಲು ಉಳಿಸಿದುದು ಉಪವಾಸಿಯ ಎಲೆಯಿಂದ ಅನ್ನ ಉಳಿಸಿದಂತಾಯಿತು. ಒಂದೇ ದಿಕ್ಕನ್ನು ಎರಡು ಸಲ ಮುಚ್ಚಿದರೆ ಎರಡನೆಯ ಮುಚ್ಚಳ ದಂಡ. ಸಾಲಿನ ಗುಣವೂ ಬಿಡಿ ಏರಿಯಲ್ಲಿನ ಗುಣವೂ ಒಂದರ ಕೊರತೆಯನ್ನು ಇನ್ನೊಂದು ತುಂಬುವಂತಿದ್ದಾಗ ಮಾತ್ರ ಕೂಟ ಲಾಭಕರವಾಗುವುದು.

ಅಂತರವನ್ನು ಅರ್ಧ ತರಂಗದಿಂದ ಒಂದು ಪೂರ್ಣ ತರಂಗಕ್ಕೆ ಹೆಚ್ಚಿಸಿ ನೋಡೋಣ. ಕಲ್ಪಿತ ಸಮದಿಕ್ಕಿನ ಏರಿಯಲ್ಲುಗಳ ದಿಶಾಬಲ ಈಗಲೂ ೨ ಆಗಿಯೇ ಇರುವುದು. ಪಂಕ್ತಿಗುಣಕವೊಂದನ್ನೇ ನೋಡುವವನಿಗೆ ಎರಡು ಅಂತರಗಳೂ ಸಮ. ಆದರೆ ಡೈಪೋಲುಗಳ ಹಣೆಬರಹ ಇಲ್ಲಿ ತಲೆಕೆಳಗಾಗುವುದು. ನಿಂತ ಡೈಪೋಲುಗಳಿಗೆ ಸುಮಾರು ೨.೯, ಮಲಗಿದುವಕ್ಕೆ ಸುಮಾರು ೩.೨. ಏಕೆಂದರೆ ಪೂರ್ಣ ತರಂಗದ ಅಂತರದಲ್ಲಿ ಸಾಲಿನ ನೇರಕ್ಕೂ ಅಲೆಗಳು ಒಂದೇ ಹೆಜ್ಜೆಯಲ್ಲಿ ಬೀಳುವುವು. ಎದುರಿನ ಮುಖ್ಯದಳದಷ್ಟೇ ಬಲವಾದ ಇನ್ನೊಂದು ದಳ ಸಾಲಿನ ಎರಡು ತುದಿಗಳಲ್ಲಿಯೂ ಅರಳುವುದು. ಇದನ್ನು ‘ಪ್ರತಿದಳ’ವೆನ್ನೋಣ. ನಿಂತ ಡೈಪೋಲು ಈ ಪ್ರತಿದಳಕ್ಕೆ ನೀರೆರೆಯುವುದು; ಮಲಗಿದ ಡೈಪೋಲು ಅದನ್ನು ಮೊಳಕೆಯಲ್ಲಿಯೇ ಚಿವುಟುವುದು. ಹಿಂದೆ ದಂಡವಾಗಿದ್ದ ಮೌನವೇ ಇಲ್ಲಿ ರಕ್ಷೆಯಾಯಿತು.

ಇಷ್ಟು ಹೊತ್ತೂ ನಾವು ಕಳುಹಿಸುವ ಏರಿಯಲ್ಲಿನ ಮಾತನ್ನೇ ಆಡಿದೆವು. ಕೇಳುವ ಏರಿಯಲ್ಲಿಗೂ ಇದೇ ನಿಯಮ. ಯಾವ ದಿಕ್ಕಿಗೆ ಎಷ್ಟು ನುಡಿಯಬಲ್ಲದೋ ಆ ದಿಕ್ಕಿನಿಂದ ಅಷ್ಟೇ ಕೇಳಬಲ್ಲದು. ಕೇಳುವ ಕೆಲಸದಲ್ಲಿ ಪ್ರತಿದಳದ ಕೇಡು ಇನ್ನೂ ಹೆಚ್ಚಿನದು. ಕಳುಹಿಸುವವನಿಗೆ ಅದು ಶಕ್ತಿಯ ನಷ್ಟ, ಕೇಳುವವನಿಗೆ ಸುಳ್ಳುಸಾಕ್ಷಿ. ಒಂದು ಕಡೆಯಿಂದ ಬಂದ ಧ್ವನಿಯನ್ನು ಅವನು ಇನ್ನೊಂದು ಕಡೆಯಿಂದ ಬಂದುದೆಂದು ಬರೆದಿಡುವನು. ಆಕಾಶದ ರೇಡಿಯೋ ನಕ್ಷೆಯನ್ನು ಬರೆಯುವವರಿಗೆ ಇದಕ್ಕಿಂತ ದೊಡ್ಡ ವಿಪತ್ತಿಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿಗೆ ಉತ್ತರದಲ್ಲಿರುವ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ ೧೯೭೦ರ ದಶಕದಲ್ಲಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದುವು. ಇಂಗ್ಲಿಷಿನ ‘ಟೀ’ ಅಕ್ಷರದ ಆಕಾರದಲ್ಲಿ ಒಂದು ಸಾವಿರ ಡೈಪೋಲುಗಳನ್ನು ಅಲ್ಲಿ ಹರಡಿದರು. ಪೂರ್ವ-ಪಶ್ಚಿಮದ ತೋಳಿನಲ್ಲಿ ೬೪೦, ದಕ್ಷಿಣದ ತೋಳಿನಲ್ಲಿ ೩೬೦. ಪೂರ್ವ-ಪಶ್ಚಿಮದ ತೋಳು ಸುಮಾರು ೧.೪ ಕಿಲೋಮೀಟರು ಉದ್ದ. ದಕ್ಷಿಣದ್ದು ಸುಮಾರು ೪೫೦ ಮೀಟರು. ಕೇಳುವ ಅಲೆ ೩೪.೫ ಮೆಗಾಸೈಕಲ್‌ನದು, ಅಂದರೆ ಸುಮಾರು ೮.೭ ಮೀಟರು ಉದ್ದದ್ದು. ಈ ದೂರದರ್ಶಕದಿಂದ ಪಡೆದ ಆಕಾಶದ ನಕ್ಷೆಯನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು ೧೯೯೦ರಲ್ಲಿ ಪ್ರಕಟಿಸಿದರು. ಅದರಲ್ಲಿ ಬಿಡಿಸಿ ಕಾಣಬಹುದಾದ ಅತಿ ಚಿಕ್ಕ ಚುಕ್ಕೆಯ ಅಳತೆ, ನೆತ್ತಿಯ ಬಳಿಯಲ್ಲಿ, ಒಂದು ಕಡೆಗೆ ೨೬ ಕಲೆ, ಇನ್ನೊಂದು ಕಡೆಗೆ ೪೨ ಕಲೆ. ಹುಣ್ಣಿಮೆಯ ಚಂದ್ರನ ಅಗಲಕ್ಕೆ ಹೆಚ್ಚುಕಡಮೆ ಸಮ.

ಈ ಹೊಲದಲ್ಲಿ ಡೈಪೋಲುಗಳ ಅಂತರವನ್ನು ಅಳೆದು ನೋಡಿದರೆ ನಮ್ಮ ನಿಯಮ ಅಲ್ಲಿಯೇ ಕಾಣುವುದು. ಡೈಪೋಲುಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. ಪೂರ್ವ-ಪಶ್ಚಿಮದ ಸಾಲಿನಲ್ಲಿ ಅವುಗಳ ಅಂತರ ೮.೬ ಮೀಟರು, ಎಂದರೆ ಬಹುಮಟ್ಟಿಗೆ ಒಂದು ಪೂರ್ಣ ತರಂಗ. ಸಾಲು ನೆಟ್ಟಗೆ ನೆತ್ತಿಯನ್ನು ನೋಡುತ್ತಿರುವಾಗ ಪ್ರತಿದಳವು ದಿಗಂತದಿಂದ ಸ್ವಲ್ಪ ಆಚೆಗೆ ಅಡಗಿರುವುದು. ಸಾಲಿನ ಮುಖವನ್ನು ಪೂರ್ವಕ್ಕೆ ಒಂದೇ ಒಂದು ಅಂಶ ವಾಲಿಸಿದರೂ ಸಾಕು, ಪ್ರತಿದಳ ಪಶ್ಚಿಮದ ದಿಗಂತದಿಂದ ಸುಮಾರು ೭ ಅಂಶ ಮೇಲೆ ತಲೆಯೆತ್ತುವುದು. ಆದರೆ ಅದು ತಲೆಯೆತ್ತುವ ಸ್ಥಳವು ಡೈಪೋಲಿನ ತುದಿಯ ನೇರಕ್ಕೆ ಬಲು ಹತ್ತಿರ. ಅಲ್ಲಿ ಡೈಪೋಲಿಗೆ ಕೇಳಿಸುವುದು ನೆತ್ತಿಯಲ್ಲಿ ಕೇಳಿಸುವುದರ ನೂರರಲ್ಲಿ ಒಂದೆರಡು ಪಾಲು ಮಾತ್ರ. ಸುಳ್ಳುಸಾಕ್ಷಿ ಬಾಯಿ ತೆರೆಯುವ ಕಡೆ ನ್ಯಾಯಾಧೀಶನಿಗೆ ಕಿವುಡು. ಉತ್ತರ-ದಕ್ಷಿಣದಲ್ಲಿ ಈ ಆಸರೆಯಿಲ್ಲ. ಆ ದಿಕ್ಕುಗಳು ಡೈಪೋಲಿನ ಮಗ್ಗುಲಿಗೆ ಬರುವುದರಿಂದ ತುದಿಯ ಮೌನ ಅಲ್ಲಿ ಸಹಾಯಕ್ಕೆ ಬಾರದು. ಅಲ್ಲಿನ ಸಾಲುಗಳ ನಡುವಣ ಅಂತರ ೫ ಮೀಟರು. ಇದರಿಂದ ನೆತ್ತಿಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಸುಮಾರು ೪೭ ಅಂಶದವರೆಗೆ ಮುಖ ತಿರುಗಿಸಿದರೂ ಪ್ರತಿದಳ ಮೂಡದು. ಒಂದು ದಿಕ್ಕಿನಲ್ಲಿ ಕಾವಲು ಬಿಡಿ ಏರಿಯಲ್ಲಿನದು; ಇನ್ನೊಂದರಲ್ಲಿ ಅಂತರದ್ದು.

ಬಿಡಿ ಏರಿಯಲ್ಲಿನ ಗುಣವನ್ನು ಹೆಚ್ಚಿಸುವ ಹಳೆಯ ಉಪಾಯ ಕನ್ನಡಿಯನ್ನಿಡುವುದು. ೧೯೨೭ರಲ್ಲಿ ಇಂಗ್ಲೆಂಡಿಗೂ ಇಂಡಿಯಕ್ಕೂ ನಡುವೆ ಮಾರ್ಕೋನಿ ‘ಬೀಮ್’ ತಂತಿಯಿಲ್ಲದ ತಂತಿ ಸೇವೆ ಆರಂಭವಾಯಿತು. ಇಂಡಿಯದ ಕಡೆಯ ಕೇಂದ್ರಗಳು ಪುಣೆಯ ಬಳಿಯ ಖಡಕಿಯಲ್ಲಿಯೂ ದೌಂಡಿನಲ್ಲಿಯೂ ಇದ್ದುವು. ಫ್ರಾಂಕ್ಲಿನ್ ಎಂಬ ಎಂಜಿನಿಯರು ರೂಪಿಸಿದ ಅಲ್ಲಿನ ಏರಿಯಲ್ಲು ಎತ್ತರದ ಗೋಪುರಗಳಿಂದ ಇಳಿಬಿಟ್ಟ ತಂತಿಗಳ ಪರದೆ. ಅದರ ಹಿಂದೆ ಅಲೆಗಳನ್ನು ಹಿಂದಿರುಗಿಸಲು ಇನ್ನೊಂದು ಪರದೆ. ಸಾಲು ಎಷ್ಟು ಉದ್ದವಾದರೂ ಅದಕ್ಕೆ ಹಿಂದು ಮುಂದಿನ ಭೇದ ತಿಳಿಯದು. ಎರಡು ಕಡೆಗೂ ಒಂದೇ ಬಗೆಯ ದಳ. ಹಿಂದಿನ ಪರದೆಯು ಬಿಡಿ ತಂತಿಯ ಆಕೃತಿಯನ್ನೇ ಏಕಮುಖವಾಗಿ ಮಾಡಿ ಹಿಂದಿನ ದಳವನ್ನು ಅಳಿಸಿತು.

ಇಂದು ನಗರದ ಮಾಳಿಗೆಗಳ ಮೇಲೆ ಮೊಬೈಲ್ ಫೋನಿಗಾಗಿ ನಿಲ್ಲಿಸಿರುವ ಉದ್ದನೆಯ ಹಲಗೆಗಳಲ್ಲಿಯೂ ಇದೇ ತತ್ತ್ವ. ಅನೇಕ ಹಲಗೆಗಳ ಒಳಗೆ ಚಿಕ್ಕ ಚಿಕ್ಕ ಏರಿಯಲ್ಲುಗಳು ಒಂದರ ಮೇಲೊಂದು ಒಂದೇ ಕಂಬಸಾಲಾಗಿ ಕುಳಿತಿವೆ. ಮೇಲು-ಕೆಳಗಿನ ದಿಕ್ಕಿನಲ್ಲಿ ಕಿರಣವನ್ನು ಕಿರಿದು ಮಾಡುವುದು ಸಾಲಿನ ಕೆಲಸ. ಎಡ-ಬಲದ ದಿಕ್ಕಿನಲ್ಲಿ ಈ ಒಂಟಿ ಸಾಲು ಏನನ್ನೂ ಮಾಡಲಾರದು; ಅಲ್ಲಿನ ಆಕೃತಿ ಹಿಂದೆ ತಗಡಿರುವ ಬಿಡಿ ಏರಿಯಲ್ಲಿನದೇ. ಸಾಮಾನ್ಯವಾಗಿ ಅದು ೬೫ ಅಂಶದಷ್ಟು ಅಗಲವಿರುವುದರಿಂದ ಮೂರು ಕಡೆಗೆ ಮೂರು ಹಲಗೆಗಳನ್ನಿಟ್ಟು ಸುತ್ತಲ ಊರನ್ನು ಹಂಚಿಕೊಳ್ಳುವರು.

ಹಾಗಾದರೆ ಒಂದೊಂದು ಏರಿಯಲ್ಲನ್ನೂ ಬಲವಾದುದನ್ನಾಗಿ ಆರಿಸಿಕೊಂಡರೆ ಸಾಲು ಯಾವಾಗಲೂ ಬಲಗೊಳ್ಳುವುದೆ? ಇಲ್ಲ. ಇದನ್ನು ರೈತರು ನಮಗಿಂತ ಚೆನ್ನಾಗಿ ಬಲ್ಲರು. ರಾಗಿಯ ಪೈರನ್ನು ವಿರಳವಾಗಿ ನೆಟ್ಟರೆ ಇಳುವರಿಯು ಗಿಡದ ಕಸುವನ್ನು ಅವಲಂಬಿಸುವುದು. ಒತ್ತಾಗಿ ನೆಟ್ಟರೆ ಇಳುವರಿ ಹೊಲದ ಅಳತೆಯದು, ಗಿಡದ್ದಲ್ಲ. ಅರ್ಧ ತರಂಗದ ಅಂತರದಲ್ಲಿ ಹತ್ತು ಸಾಲುಗಳಲ್ಲಿ ಹತ್ತತ್ತರಂತೆ ನೂರು ಏರಿಯಲ್ಲುಗಳನ್ನು ಏಕಮುಖವಾಗಿ ಹರಡಿದೆವೆನ್ನೋಣ. ಒಂಟಿಯಾಗಿರುವಾಗ ಒಂದೊಂದರ ದಿಶಾಬಲ ೫ ಇರಲಿ. ತ್ರೈರಾಶಿಯವನು ೫೦೦ನ್ನು ನಿರೀಕ್ಷಿಸುವನು. ದೊರೆಯುವುದು ಸುಮಾರು ೩೧೪. ಹೊಲದ ವಿಸ್ತೀರ್ಣ ಒಪ್ಪುವುದು ಅಷ್ಟನ್ನೇ. ಅದೇ ಹೊಲದಲ್ಲಿ ನೂರರ ಬದಲು ನಾನೂರನ್ನು ಕಿಕ್ಕಿರಿದು ನೆಟ್ಟರೂ ಬಲವು ಹೆಚ್ಚುಕಡಮೆ ಅಷ್ಟೇ. ನೆರೆಯವರ ನಡುವೆ ನಿಂತ ಏರಿಯಲ್ಲು ಒಂಟಿಯಾಗಿದ್ದಾಗಿನ ತನ್ನ ಆಕೃತಿಯನ್ನು ಉಳಿಸಿಕೊಳ್ಳಲಾರದು. ಒಂದರ ವಿದ್ಯುತ್ತು ಇನ್ನೊಂದರಲ್ಲಿ ವಿದ್ಯುತ್ತನ್ನು ಎಬ್ಬಿಸುವುದು. ಆದುದರಿಂದ ಲೆಕ್ಕಕ್ಕೆ ಹಿಡಿಯಬೇಕಾದುದು ಒಂಟಿ ಏರಿಯಲ್ಲಿನ ಆಕೃತಿಯನ್ನಲ್ಲ, ಸಾಲಿನ ನಡುವೆ ನಿಂತಾಗಿನ ಅದರ ಆಕೃತಿಯನ್ನು. ನೆರೆಹೊರೆಯವಕ್ಕೆ ವಿರುದ್ಧ ಹೆಜ್ಜೆಯ ವಿದ್ಯುತ್ತನ್ನು ಕೊಟ್ಟು ಹೊಲದ ಮಿತಿಯನ್ನು ಮೀರಬಹುದೆಂದು ಗಣಿತವೇನೋ ಹೇಳುವುದು. ಆದರೆ ಆಗ ತಂತಿಗಳಲ್ಲಿ ಭಾರಿ ವಿದ್ಯುತ್ತು ಹರಿದಾಡಿ, ಗಳಿಸಿದುದೆಲ್ಲ ಶಾಖವಾಗಿ ಹೋಗುವುದು.

ಒತ್ತಾದ ಹೊಲದಲ್ಲಿ ಬಿಡಿ ಏರಿಯಲ್ಲಿನ ಆಕೃತಿ ತನ್ನ ಪ್ರಭಾವವನ್ನು ತೋರಿಸುವುದು ಕಿರಣವನ್ನು ಓರೆಗೆ ತಿರುಗಿಸುವಾಗ. ಸಾಲನ್ನು ಕದಲಿಸದೆ, ಹೆಜ್ಜೆಗಳನ್ನು ಬದಲಿಸಿ ಕಿರಣವನ್ನು ತಿರುಗಿಸುವುದು ಈ ವಿದ್ಯೆಯ ದೊಡ್ಡ ಸೊಗಸು. ಆದರೆ ಹೆಜ್ಜೆ ಬದಲಿಸಿದರೆ ಪಂಕ್ತಿಗುಣಕ ತಿರುಗುವುದೇ ಹೊರತು ಬಿಡಿ ಏರಿಯಲ್ಲು ತಿರುಗುವುದಿಲ್ಲ. ಅದು ಇದ್ದ ಕಡೆಗೇ ಮುಖಮಾಡಿ ನಿಂತಿರುವುದು. ಹೊಲವೂ ಓರೆಯಿಂದ ನೋಡಿದವರಿಗೆ ಕಿರಿದಾಗಿ ಕಾಣುವುದು. ಎದುರಿನಿಂದ ೬೦ ಅಂಶ ತಿರುಗುವಷ್ಟರಲ್ಲಿ ಆದರ್ಶ ಸಾಲಿನ ಬಲವೂ ಅರ್ಧಕ್ಕಿಳಿಯುವುದು. ನೆರೆಹೊರೆಯ ಪ್ರಭಾವ ಕೆಟ್ಟದಾಗಿದ್ದರೆ ಯಾವುದೋ ಒಂದು ಕೋನದಲ್ಲಿ ಸಾಲು ಪೂರ್ತಿಯಾಗಿ ಕುರುಡಾಗುವುದೂ ಉಂಟು. ಅಮೆರಿಕದ ‘ಪೇವ್ ಪಾಸ್’ ಎಂಬ ಭಾರಿ ರಾಡಾರುಗಳಿಗೆ ಎರಡು ಮುಖಗಳನ್ನು ಮಾಡಿ, ಒಂದೊಂದು ಮುಖಕ್ಕೆ ೧೨೦ ಅಂಶದಂತೆ ಒಟ್ಟು ೨೪೦ ಅಂಶಗಳನ್ನು ಹಂಚಿರುವುದು ಈ ಮಿತಿಗೆ ಒಪ್ಪುವ ಏರ್ಪಾಡು.

ವಿರಳವಾಗಿ ನೆಟ್ಟ ಹೊಲಕ್ಕೆ ನಿದರ್ಶನ ಪುಣೆಗೆ ಉತ್ತರದ ಖೋಡದಿನಲ್ಲಿರುವ ಭಾರಿ ಮೀಟರ್‌ತರಂಗ ದೂರದರ್ಶಕ. ಗೋವಿಂದ ಸ್ವರೂಪರ ನೇತೃತ್ವದಲ್ಲಿ ಕಟ್ಟಿದ ಇದರಲ್ಲಿ ೪೫ ಮೀಟರು ಅಡ್ಡಳತೆಯ ೩೦ ಬಟ್ಟಲು ಏರಿಯಲ್ಲುಗಳು ಸುಮಾರು ೨೫ ಕಿಲೋಮೀಟರಿನ ವಿಸ್ತಾರದಲ್ಲಿ ಹರಡಿವೆ. ಅಂತರವು ತರಂಗದ ಸಾವಿರಾರು ಪಾಲಿನಷ್ಟಿರುವುದರಿಂದ ಪಂಕ್ತಿಗುಣಕವು ಆಕಾಶದ ತುಂಬ ಉಪದಳಗಳನ್ನು ಎಬ್ಬಿಸುವುದು. ಬಟ್ಟಲುಗಳನ್ನು ಸಮಾನಾಂತರದಲ್ಲಿಡದೆ ಹರಡಿರುವುದರಿಂದ ಅವು ಒಂದೇ ಕಡೆ ಗುಂಪುಗೂಡವು. ಉಳಿದ ಕಾವಲು ಬಟ್ಟಲಿನದು. ೨೧ ಸೆಂಟಿಮೀಟರಿನ ಅಲೆಯಲ್ಲಿ ಒಂದು ಬಟ್ಟಲಿಗೆ ಕಾಣುವುದು ಅರ್ಧ ಅಂಶಕ್ಕಿಂತಲೂ ಕಡಮೆ ಅಗಲದ ಆಕಾಶ. ಆ ಅಂಗಳದೊಳಗೆ ಸಾಲು ಸುಮಾರು ೨ ವಿಕಲೆಯಷ್ಟು ಸೂಕ್ಷ್ಮವಾದ ರಂಗವಲ್ಲಿಯನ್ನು ಬಿಡಿಸಬಲ್ಲದು. ಅಂಗಳದ ಎಲ್ಲೆಯನ್ನು ಗೊತ್ತುಮಾಡುವುದು ಬಿಡಿ ಏರಿಯಲ್ಲು. ಒಳಗಣ ಗೆರೆಯನ್ನು ಎಳೆಯುವುದು ಸಾಲು.

ಹೀಗೆ ಸಂಖ್ಯೆಯೊಂದನ್ನೇ ನಂಬಿ ಸಾಲು ಕಟ್ಟುವವನು ನೆಲವನ್ನೂ ತಂತಿಯನ್ನೂ ಕಳೆದುಕೊಳ್ಳುವನು. ಬಿಡಿ ಏರಿಯಲ್ಲಿನ ಬಲವೊಂದನ್ನೇ ನಂಬುವವನೂ ಅಷ್ಟೇ. ವಿರಳವಾದಲ್ಲಿ ಬಿಡಿಯ ಗುಣ ಪ್ರಧಾನ. ಒತ್ತಾದಲ್ಲಿ ವಿಸ್ತೀರ್ಣ ಪ್ರಧಾನ. ಇವೆರಡರ ನಡುವೆ ಒಂದರ ಮೌನ ಇನ್ನೊಂದರ ಹುಸಿನುಡಿಯ ಮೇಲೆ ಬೀಳುವಂತೆ ಹೊಂದಿಸುವುದೇ ಜಾಣತನ. ಸಾಲು ಕಟ್ಟಹೊರಟವರು ಎಷ್ಟು ಏರಿಯಲ್ಲುಗಳು ಬೇಕೆಂದು ಕೇಳುವ ಮೊದಲು, ಒಂದೊಂದೂ ಯಾವ ಕಡೆಗೆ ಮೌನವಾಗಿರಬೇಕೆಂಬುದನ್ನು ಕೇಳಿಕೊಳ್ಳುವುದು ಲೇಸು.